ಅತ್ತಿ ಸೀರಿಯ ಗಾಳಿಪಟ

ಗಾಳಿಪಟಕ್ಕ ಕ್ಯಾಮೆರಾ ಕಟ್ಟಿ ಮ್ಯಾಲೆ ಬಿಟ್ಟು ಹೊಲದ ಫೋಟೋ ತಗದಾವ ನಾನು. ಈ ಮಾತ ಎಲ್ಲಿ ಹೇಳಿದ್ರೂ ಮಂದಿ ಬಾಯಿ ತಗದು ಕೇಳ್ತಾರ. "ಭಾರಿ ಅದೀರಿ ಬಿಡ್ರಿ ಮಾಸ್ತರ" ಅಂತಾರ. ನಾನೂ ಉದಿನಕಡ್ಡಿ ಹೆಂಗ ಕಟ್ಟಿದೆ, ನೂಲ ಹೆಂಗ ಸುಟ್ಟಿತು ಅಂತ ಕೈ ಮಾಡಿ ತೋರಿಸಿ ಅಲ್ಲಿಗೇ ಮಾತ ನಿಂದರಸ್ತೀನಿ. ಮುಂದಿಂದು ಹೇಳೂದಿಲ್ಲ. ಹೇಳಿದ್ರ ನನ್ನ ಮಾರಿಗೆ ಉಗಳ್ತಾರ. ಇವತ್ತ ಹೇಳಿಬಿಡ್ತೀನಿ. ಉಗಳೋರು ಉಗಳ್ರಿ.

ಎಂಬತ್ತರ ದಶಕ ಮುಗಿಯಾಕ ಬಂದಿತ್ತು. ನಾ ಚಿಕ್ಕೋಡಿಯ ಒಂದ ಹೈಸ್ಕೂಲಿನಾಗ ಚಿತ್ರಕಲಾ ಮಾಸ್ತರ ಆಗಿದ್ದೆ. ನಮ್ಮೂರು ಅಂಕಲಿ ಹತ್ರ. ಹೊತ್ತ ಮುಳಗೂದ್ರಾಗ ಉಂಡು ಕೈ ತೊಳಕೊಳ್ಳೂ ಜೈನರ ಮನಿ ನಮ್ದು. ನಮ್ಮಪ್ಪ ಬ್ಯಾರೆ ಆಗಿ ಹೊಳಿ ದಂಡಿ ಹೊಲ ತಗೊಂಡಿದ್ದ. ನಮ್ಮ ದೊಡ್ಡಪ್ಪನ ಹೊಲ ಊರ ಆ ಕಡೆ, ಏರ ಮ್ಯಾಲೆ. ಕೃಷ್ಣಾ ಹೊಳಿ ಕಣ್ಣಿಗೆ ಕಾಣ್ತಿತ್ತು, ನೀರ ಮಾತ್ರ ಅಲ್ಲಿಗೆ ಏರ್ತಿರಲಿಲ್ಲ. ಇದ್ದದ್ದು ಒಂದ ಬಾವಿ, ಒಂದ ಡೀಸೆಲ್ ಇಂಜಿನ್. ದೊಡ್ಡಪ್ಪಗ ಮೂರ ಮಂದಿ ಗಂಡಮಕ್ಕಳು. ಮದಿವಿ ಆದ ಮ್ಯಾಲೆ ಅವರವರೊಳಗ ತಂಟೆ ಸುರು ಆಗಿ, ಬಾವಿ ನೀರಿಗೆ ಪಾಳಿ ಹಚ್ಚಿದ್ರು. ಒಬ್ಬೊಬ್ಬ ಮಗಗ ವಾರದಾಗ ಎರಡೆರಡ ದಿನ, ದೊಡ್ಡಪ್ಪನ ಸ್ವಂತ ಕಬ್ಬಿಗೆ ಐತವಾರ. ಪಾಳಿ ಹಚ್ಚಿದ ದಿನ ಹಿರೇರ ಮುಂದ ದೊಡ್ಡಪ್ಪನ ಬಾಯಿಲೆ ಒಂದ ಮಾತ ಆಡಿಸಿಕೊಂಡಿದ್ರು: ಈ ಬಾವಿ ನೀರು ಹೊರಗಿನವರಿಗೆ ಒಂದ ಕೊಡಾನೂ ಹೋಗೂದಿಲ್ಲ.

ಹೊರಗಿನವರು ಅಂದ್ರ ಬ್ಯಾರೆ ಯಾರಲ್ಲ, ನಮ್ಮ ಅತ್ತಿ. ದೊಡ್ಡಪ್ಪನ ತಂಗಿ, ನಮ್ಮಪ್ಪನ ಅಕ್ಕ. ಆಕೀನ್ನ ಕಾಗವಾಡಕ್ಕ ಕೊಟ್ಟಿದ್ರು. ಕೊಡೂ ಮುಂದ ನಮ್ಮ ಮುತ್ಯಾ, ಆಕಿ ಅಪ್ಪ, ಅರಿಷಿಣ-ಕುಂಕುಮಕ್ಕಂತ ಅದ ಏರಿನ ಹೊಲದಾಗ ಅರ್ಧ ಎಕರೆ ಆಕಿ ಹೆಸರಿಗೆ ಬಿಟ್ಟಿದ್ದ. ನಮ್ಮ ಕಡೆ ಅದೊಂದ ಪದ್ಧತಿ, ಹೆಣ್ಮಗಳು ತವರಿನ ಮಣ್ಣಿಂದ ಪೂರ್ತಿ ಕಡದು ಹೋಗಬಾರದಂತ. ಆಗ ಬಾವಿ ಇರಲಿಲ್ಲ, ಹಂಗಾಗಿ ನೀರಿನ ಮಾತ ಯಾರೂ ಎತ್ತಿರಲಿಲ್ಲ. ಗಂಡ ಸತ್ತ ಮ್ಯಾಲೆ ಅತ್ತಿ ಒಂದ ಟ್ರಂಕ್ ಹಿಡಕೊಂಡು ಬಂದು ಆ ಅರ್ಧ ಎಕರೆದಾಗ ಒಂದ ಸಣ್ಣ ಮನಿ ಹಾಕ್ಕೊಂಡು ಎಲಿತೋಟ ಮಾಡಿದಳು. ವೀಳ್ಯದೆಲಿ ಬಳ್ಳಿ ಅಂದ್ರ ನೋಡ್ರಿ, ಎರಡ ದಿನ ನೀರ ತಪ್ಪಿದ್ರ ಮಾರಿ ಸಣ್ಣದ ಮಾಡ್ತೈತಿ. ಹಂತಾದ್ರಾಗ ಆಕಿ ತೋಟ ಬ್ಯಾಸಗ್ಯಾಗೂ ಕರ್ರಗ ಇರ್ತಿತ್ತು. ತೋಟದ ಮೂಲ್ಯಾಗ ಒಂದ ಒರತಿ ಇತ್ತು, ಎರಡ ಆಳಿನ ಉದ್ದದ ತೆಗ್ಗ. "ನನ್ನ ಒರತಿ ನನ್ನ ಕೈ ಬಿಡೂದಿಲ್ಲ" ಅಂತಿದ್ದಳು. ಮಂದಿ ನಂಬಿದ್ರು. ಬುಟ್ಟಿ ತುಂಬ ಎಲಿ ಹೊತಗೊಂಡು ರಾಯಬಾಗ ಸಂತಿಗೂ ಅಥಣಿ ಸಂತಿಗೂ ಬಸ್ಸಿನ್ಯಾಗ ಹೋಗಿ ಮಾರಿ ಬರ್ತಿದ್ದಳು. ಯಾರ ಮುಂದೂ ಕೈ ಒಡ್ಡಲಿಲ್ಲ.

ಬಾಯಿ ಮಾತ್ರ ಬೆಂಕಿ. ಗಂಡ ಸತ್ತಾಕಿ ಎಲಿ ತಿನ್ನಬಾರದು ಅಂತ ಯಾವಕೋ ಅಂದಿದ್ದಕ್ಕ, "ನಾ ಬೆಳದ ಎಲಿ ನಾ ತಿಂತೀನಿ, ನಿನ್ನ ಗಂಡ ಬೆಳದದ್ದೇನ ಬೇ?" ಅಂತ ಬಸ್ತಿ ಮುಂದನ ಅಂದಿದ್ದಳು. ಸೊಂಟದಾಗ ಯಾವಾಗ್ಲೂ ಚಂಚಿ ಇರ್ತಿತ್ತು, ಎಲಿ ಅಡಕಿ ಸುಣ್ಣ ಇಡೂ ಅರಿಬಿ ಚೀಲ. ನಾ ಹೋದ ಕೂಡ್ಲೆ ಚಂಚಿ ಬಿಚ್ಚಿ, ಎರಡ ಎಲಿ ತೊಡಿಮ್ಯಾಲೆ ಒರಸಿ, ಸುಣ್ಣ ಸವರಿ ಮಡಚಿ ನನ್ನ ಕೈಯಾಗ ಇಡಾಕಿ. ಸಾಲಿ ಕಲಿಸೂ ಮಾಸ್ತರ ಬಾಯಿ ಕೆಂಪ ಮಾಡ್ಕೊಂಡು ಹೋದ್ರ ಹುಡುಗರು ನಗ್ತಾರ ಅಂದ್ರೂ ಕೇಳ್ತಿರಲಿಲ್ಲ. ಯಾರರ ಆಕಿ ಸುದ್ದಿ ತಗದ್ರ ಸಾಕು, ದೊಡ್ಡಪ್ಪ ಮಂದ್ಯಾಗ ಮಾರಿ ಗಂಟ ಹಾಕ್ಕೊಂತಿದ್ದ. "ತನ್ನ ಪಾಡಿಗೆ ತಾ ಇರ್ಲಿ, ನಮಗೇನ ಸಂಬಂಧ" ಅಂತಿದ್ದ. ನನಗ ಆ ಮಾತಿಗೆ ಸಿಟ್ಟ ಬರ್ತಿತ್ತು, ಆದ್ರ ನನ್ನ ಕೊಲ್ಲಾಪುರಕ್ಕ ಕಳಿಸಿ ಚಿತ್ರಕಲೆ ಕಲಿಸಿದಾವ ಅಂವನ. ಅಂವನ ಮುಂದ ನನ್ನ ನಾಲಿಗಿ ಏಳ್ತಿರಲಿಲ್ಲ.

ಆ ವರ್ಷ ದೊಡ್ಡಪ್ಪನ ಮಕ್ಕಳು ಹೊಲಾನೂ ಹಂಚ್ಕೋತೀವಿ ಅಂತ ಕುಂತ್ರು. ವಾಟಣಿ ಆಗಬೇಕಂದ್ರ ನಕಾಶಿ ಬೇಕು. ಮೋಜಣಿಗೆ ಅರ್ಜಿ ಹಾಕಿದ್ರ ಅಳಿಯಾವ್ರು ಬರೂದು ಯಾವಾಗೋ. ನಾ ಎದಿ ಉಬ್ಬಿಸಿ ಅಂದೆ, "ನಾ ಮಾಡಿಕೊಡ್ತೀನಿ, ಮ್ಯಾಲಿಂದ ಫೋಟೋ ತಗದು." ಸಾಲಿ ಲೈಬ್ರರ್ಯಾಗ ಒಂದ ಹಳೇ ಇಂಗ್ಲಿಷ್ ಮಾಸಿಕದಾಗ ಗಾಳಿಪಟದಿಂದ ತಗದ ಊರಿನ ಫೋಟೋ ನೋಡಿದ್ದೆ. ಅವತ್ತಿಂದ ತಲ್ಯಾಗ ಹುಳಾ ಹೊಕ್ಕಿತ್ತು. ದೊಡ್ಡಪ್ಪನ ಹಿರೇಮಗ ಬಿದ್ದ ಬಿದ್ದ ನಕ್ಕ. "ಲೇ ಮಾಸ್ತರ, ಇಮಾನ ಯಾವಾಗ ತಗೊಂಡಿ?" ಅಂದ. ಆ ನಗೂನ ನನಗ ಹಟ ಹಿಡಿಸಿತು.

ದಾರ ಅಂಕಲಿ ಮೀನಗಾರರ ಹತ್ರ ಸಿಕ್ಕಿತು, ದಪ್ಪ ನೈಲಾನ್ ದಾರ. ಫಿಲ್ಮ್ ನಿಪ್ಪಾಣಿಯಿಂದ ತಂದೆ. ಕ್ಯಾಮೆರಾ ಅಂದ್ರ ಹಳೇದೊಂದ ಪ್ಲಾಸ್ಟಿಕ್ ಡಬ್ಬಿ, ಬಿದ್ರೂ ಜೀವ ಹೋಗೂದಿಲ್ಲ ಅನ್ನೂವಂಥದ್ದು. ಮ್ಯಾಲೆ ಹೋದ ಮ್ಯಾಲೆ ಅದರ ಗುಂಡಿ ಒತ್ತಾವ ಯಾರು? ಅದಕ್ಕ ಒಂದ ಯುಕ್ತಿ ಮಾಡಿದೆ. ಗುಂಡಿ ಮ್ಯಾಲೆ ಒಂದ ಕಟಗಿ ಚಕ್ಕಿ, ಅದನ್ನ ಒತ್ತಾಕ ಬಿಗಿ ರಬ್ಬರ್, ರಬ್ಬರ್ ತಡದು ಹಿಡ್ಯಾಕ ಒಂದ ಹತ್ತಿ ನೂಲು, ನೂಲಿಗೆ ಹತ್ತಿಸಿ ಒಂದ ತುಂಡ ಉದಿನಕಡ್ಡಿ. ಕಡ್ಡಿ ಉರಕೊಂತ ಬಂದು ನೂಲ ಸುಟ್ಟ ಕೂಡ್ಲೆ ರಬ್ಬರ್ ಬಿಡ್ತಿತ್ತು, ಗುಂಡಿ ಒತ್ತಿ ಫೋಟೋ ಬೀಳ್ತಿತ್ತು. ಒಂದ ಸಲ ಹಾರಸಿದ್ರ ಒಂದ ಫೋಟೋ. ಹೊಲದ ಮೂಲಿ ಮೂಲಿಗೆ ಬಿಳೇ ಧೋತ್ರ ಹಾಸಿ, ಅವುಗಳ ನಡುವಿನ ದೂರ ಟೇಪ್ ಹಿಡದು ಅಳದು ಬರಕೊಂಡ್ರ, ಫೋಟೋದಾಗ ಆ ಬಿಳೇ ಚುಕ್ಕಿ ನೋಡಿ ಎಲ್ಲಾ ಲೆಕ್ಕ ಹಾಕಬಹುದಿತ್ತು.

ಪಟಕ್ಕ ಅರಿಬಿ ಬೇಕಿತ್ತು. ಕಾಗದ ಅಷ್ಟ ಭಾರ ಎತ್ತೂದಿಲ್ಲ. ಅತ್ತಿ ತನ್ನ ಟ್ರಂಕ್ ತಗದಳು. ತಳದಾಗ ಒಂದ ಹಸರ ನೈಲಾನ್ ಸೀರಿ, ಮ್ಯಾಲೆ ಬಿಳೇ ಹೂವು. ಗಂಡ ಇದ್ದಾಗ ಉಟ್ಟದ್ದು. "ನಾ ಇನ್ನ ಉಡಾಕಿ ಅಲ್ಲ. ಮ್ಯಾಲೆ ಹಾರ್ಲಿ ತಗೊ" ಅಂದಳು. ತಾನ ಕುಂತು ಹೊಲದಳು. ನಾ ಬಿದಿರ ಸೀಳಕೊಂತ ಬಡಾಯಿ ಕೊಚ್ಚಾಕತ್ತಿದ್ದೆ.

"ಅಷ್ಟ ಮ್ಯಾಲಿಂದ ಏನ ಕಾಣ್ತೈತೋ ತಮ್ಮಾ?" ಅಂದಳು.

"ಎಲ್ಲಾ ಕಾಣ್ತೈತಿ ಅತ್ತಿ."

"ಕಬ್ಬಿನ ಒಳಗೂ?"

"ಇರವಿ ಹೋದ್ರೂ ಕಾಣ್ತೈತಿ!"

ಸೂಜಿ ನಿಂತಿತು. ಇದು ನನಗ ಚೊಲೋ ನೆನಪೈತಿ. ಆಮ್ಯಾಲೆ ಮತ್ತ ಹೊಲಿಯಾಕ ಹತ್ತಿ, ದಾರ ಹಲ್ಲಿಲೆ ಕಡದು ಅಂದಳು, "ಶನಿವಾರ ಹಾರಸು. ಶನಿವಾರ ನಿನ್ನ ಸಾಲಿ ಮುಂಜಾನಿ ಇರ್ತೈತಿ, ಮಧ್ಯಾಹ್ನಕ್ಕ ಬಂದಬಿಡು. ಐತವಾರ ಬ್ಯಾಡ." ಯಾಕ ಅಂತ ನಾ ಕೇಳಲಿಲ್ಲ. ಹೂಂ ಅಂದೆ.

ಶನಿವಾರ ಹೋದೆ. ಎಲಿ ಅಲ್ಲಾಡ್ಲಿಲ್ಲ. ಶಿವರಾತ್ರಿ ಆಗಿ ಬಿಸಿಲ ಏರಿತ್ತು, ಗಾಳಿ ಮಾತ್ರ ಸತ್ತ ಬಿದ್ದಿತ್ತು. ಪಟ ಎರಡ ಮಾರ ಮ್ಯಾಲೆದ್ದು ದೊಪ್ಪಂತ ಬೀಳ್ತಿತ್ತು. ದೊಡ್ಡಪ್ಪನ ಮಕ್ಕಳು ಬದುವಿನ ಮ್ಯಾಲೆ ಕುಂತು ಸೀಟಿ ಹೊಡದ್ರು. ಮರುದಿನ ಮಧ್ಯಾಹ್ನ ಗಾಳಿ ಎದ್ದಿತು. ಐತವಾರ ಬ್ಯಾಡ ಅಂದದ್ದು ನೆನಪಿತ್ತು, ಸುಳ್ಳ ಹೇಳೂದಿಲ್ಲ. ಅತ್ತಿ ಅವತ್ತ ಸಂತಿಗೆ ಹೋಗಿದ್ದಳು. ಗಾಳಿ ಸಿಕ್ಕೈತಿ, ಬಿಡಬಾರದು, ಆಕಿಗೇನ ಗೊತ್ತಾಗ್ತೈತಿ, ಅಂದ್ಕೊಂಡು ಬಾವಿ ಹತ್ರ ನಿಂತು ಪಟ ಬಿಟ್ಟೆ. ಹಸರ ಸೀರಿ ಜಗ್ಗಿ ಮ್ಯಾಲೆ ಹೋತು ನೋಡ್ರಿ, ದಾರ ಕೈ ಕೊಯ್ಯೂವಂಗ ಎಳೀತಿತ್ತು. ಐದ ಸಲ ಹಾರಿಸಿದೆ, ಐದ ಸಲ ಇಳಿಸಿದೆ. ನನ್ನ ಜನ್ಮದಾಗ ಅಷ್ಟ ಖುಷಿ ಪಟ್ಟ ದಿನ ಮತ್ತೊಂದಿಲ್ಲ, ಈಗ ಹೇಳಾಕ ನಾಚಿಕಿ ಆಗ್ತೈತಿ.

ಚಿಕ್ಕೋಡಿ ಸ್ಟುಡಿಯೋದಾಗ ಫಿಲ್ಮ್ ತೊಳಸಿದ್ರ ಎರಡ ಫೋಟೋ ಚೊಲೋ ಬಂದಿದ್ದವು. ಒಂದು ಇಡೀ ಹೊಲ ಸ್ವಚ್ಛ ಕಾಣೂವಂಥದ್ದು. ಅದನ್ನ ದೊಡ್ಡದ ಮಾಡಿಸಿದೆ. ಇನ್ನೊಂದು ಪಟ ಕೆಳಗಿದ್ದಾಗನ ಬಿದ್ದದ್ದು, ಸ್ವಲ್ಪ ಸೊಟ್ಟ ಆಗಿತ್ತು, ಆದ್ರ ಭಾಳ ಸ್ಪಷ್ಟ. ಭೂತಗನ್ನಡಿ ಹಿಡದು ನೋಡಿದ್ರ ದೊಡ್ಡಪ್ಪನ ಕಬ್ಬಿನ ನಡುವ ಒಂದ ಕರೇ ದುಂಡನ ಚುಕ್ಕಿ, ಬಾಜೂಕ ಬಗ್ಗಿದ ಒಬ್ಬ ಮನಶಾ, ಕೈಯಾಗ ಸಲಿಕಿ. ಕರೇ ಚುಕ್ಕಿ ದೊಡ್ಡಪ್ಪನ ಛತ್ರಿ. ಕಣ್ಣಿನ ಆಪರೇಶನ್ ಆದಾಗಿಂದ ಬಿಸಲಾಗ ಛತ್ರಿ ಇಲ್ಲದ ಅಂವ ಹೆಜ್ಜಿ ಇಡ್ತಿರಲಿಲ್ಲ. ಅಂವನ ಪಾಳಿ ದಿನ, ನೀರ ಹಾಯಿಸಾಕತ್ತಾನ, ಅಂತ ತಿಳಕೊಂಡು ಫೋಟೋ ಚೀಲದಾಗ ಹಾಕ್ಕೊಂಡೆ.

ದೊಡ್ಡಪ್ಪನ ಪಡಸಾಲ್ಯಾಗ ಜಮಖಾನಿ ಹಾಸಿ ದೊಡ್ಡ ಫೋಟೋ ಇಟ್ಟೆ. ಮನಿ ಮಂದಿ ಎಲ್ಲಾ ಬಗ್ಗಿ ನೋಡಾಕತ್ರು. ಸೀಟಿ ಹೊಡದಾವ್ರ ಬಾಯಿ ಬಂದ ಆಗಿತ್ತು. "ಅದ ನೋಡ, ನಮ್ಮ ಬಾವಿ! ಅದ ನೋಡ, ಬಣವಿ!" ನನಗ ಕೋಡ ಬಂದಿದ್ದವು. ಅಷ್ಟರಾಗ ಹಿರೇಮಗ ಅಪ್ಪನ ಕಬ್ಬಿನ ಮ್ಯಾಲೆ ಬಟ್ಟ ಇಟ್ಟ. "ಲೇ ಮಾಸ್ತರ, ಇದೇನ ಇದು, ಕರ್ರನ ಗೀರು?"

ಆಗ ನಾ ಬಾಯಿ ಮುಚ್ಕೊಂಡು ಕುಂತಿದ್ರ ಆಗ್ತಿತ್ತು. ಗೊತ್ತಿಲ್ಲ ಅಂದಿದ್ರ ಆಗ್ತಿತ್ತು. ಆದ್ರ ನಾ ಮಾಸ್ತರ ಅಲ್ಲೇನ್ರಿ, ಕೇಳಿದ ಕೂಡ್ಲೆ ಪಾಠ ಹೇಳಬೇಕು! ಬಗ್ಗಿ ಸುರು ಮಾಡಿದೆ. "ನೋಡ್ರಿ, ನೀರ ಹೆಚ್ಚ ಸಿಕ್ಕಲ್ಲಿ ಬೆಳಿ ದಟ್ಟ ಆಗ್ತೈತಿ. ಕೆಳಗ ನಿಂತ್ರ ಕಬ್ಬಿನ್ಯಾಗ ಏನೂ ತಿಳಿಯೂದಿಲ್ಲ. ಮ್ಯಾಲಿಂದ ನೋಡಿದ್ರ ಕರ್ರಗ ಕಾಣ್ತೈತಿ. ಅಂದ್ರ ಇಲ್ಲಿ ಕಬ್ಬಿನ ಒಳಗ ಒಂದ ಕಾಲುವಿ ಐತಿ. ಇಲ್ಲಿಂದ ಹೊಂಡತೈತಿ, ಹಿಂಗ ಹೋಗತೈತಿ, ಹಿಂಗ ತಿರಗತೈತಿ..." ಬಟ್ಟ ಗೀರಿನ ಗುಂಟ ಸರಿಸಿಕೊಂತ ಹೋದೆ. ಬಟ್ಟ ಹೋಗಿ ನಿಂತದ್ದು ಅತ್ತಿಯ ಎಲಿತೋಟದಾಗ.

ನನ್ನ ಬಟ್ಟ ಇನ್ನೂ ಅಲ್ಲೇ ಇತ್ತು. ಅಯ್ಯ, ಆ ಹೊತ್ತಿನ್ಯಾಗ ಭೂಮಿ ಬಾಯಿ ಬಿಟ್ಟಿದ್ರ ಬಿದ್ದಬಿಡ್ತಿದ್ದೆ.

ದೊಡ್ಡವ್ವ ಮೊದಲ ಬಾಯಿ ಬಿಟ್ಟಳು. "ಕುಂಕುಮನ ಹೋತು, ಕುಂಕುಮದ ಹೊಲಾ ಹಿಡ್ಕೊಂಡ ಕುಂತಾಳ. ಮ್ಯಾಲ ನಮ್ಮ ಮಕ್ಕಳ ನೀರೂ ಕದೀತಾಳೇನ? ಕರಕೊಂಡ ಬರ್ರಿ ಆಕೀನ್ನ!" ಸಣ್ಣಮಗ ಹೋಗಿ ಕರಕೊಂಡ ಬಂದ. ಅತ್ತಿ ಬಂದು ಕಂಬಕ್ಕ ಆತು ನಿಂತಳು. ಫೋಟೋ ನೋಡಿದಳು, ದೊಡ್ಡಪ್ಪನ ಮಾರಿ ನೋಡಿದಳು. ದೊಡ್ಡಪ್ಪ ನೆಲಾ ನೋಡಾಕತ್ತಿದ್ದ. ಅಂವನ ಛತ್ರಿ ಗ್ವಾಡಿಗೆ ಒರಗಿಸಿ ಇಟ್ಟಿತ್ತು.

ಆಗ ನನ್ನ ಮಂದ ತಲಿಗೆ ತಿಳೀತು. ಚೀಲದಾಗಿನ ಫೋಟೋದಾಗ ಆ ಛತ್ರಿ ಇದ್ದದ್ದು ಕಾಲುವಿ ಸುರು ಆಗೂ ಜಾಗದಾಗ. ಐತವಾರ ಐತವಾರ ತನ್ನ ಪಾಳಿ ನೀರಿನ್ಯಾಗ ಪಾಲು ತಗದು, ಹೆಂಡತಿ ಮಕ್ಕಳಿಗೆ ಗೊತ್ತಾಗಧಂಗ ಕಬ್ಬಿನ ಒಳಗ ಕಾಲುವಿ ಕಡದು ತಂಗಿ ತೋಟಕ್ಕ ಬಿಡ್ತಿದ್ದಾವ ದೊಡ್ಡಪ್ಪನ. ಆ ನೀರ ಒರತಿ ತೆಗ್ಗಿನ್ಯಾಗ ತುಂಬಿಟ್ಕೊಂಡು ಆಕಿ ವಾರ ಪೂರ್ತಿ ಬಳ್ಳಿಗೆ ಉಣಸ್ತಿದ್ದಳು. ಮಂದಿ ಮುಂದ ಮಾರಿ ಗಂಟ ಹಾಕ್ಕೊಂತಿದ್ದದ್ದೂ ಅದಕ್ಕ. ಕಬ್ಬ ಎತ್ತರ ಐತಿ, ಬದುವಿನ ಮ್ಯಾಲೆ ನಿಂತಾವಗ ಏನೂ ಕಾಣೂದಿಲ್ಲ, ಅಷ್ಟ ಸಾಕಂತ ಅಣ್ಣ ತಂಗಿ ಇಬ್ರೂ ತಿಳಕೊಂಡಿದ್ರು. ನಮ್ಮ ಹೊಲದಾಗ ಮ್ಯಾಲಿಂದ ನೋಡಾವ ಯಾರಿದ್ದ?

ಹಿರೇಮಗ ಬಾವಿ ನೀರು ಒಂದ ತಂಬಿಗ್ಯಾಗ ತರಿಸಿದ. ನಮ್ಮ ಮನಿ ಆಣಿ ಅದು. ಬೊಗಸ್ಯಾಗ ಬಾವಿ ನೀರ ಹಿಡಕೊಂಡು ಹೇಳಿದ ಮ್ಯಾಲೆ ಯಾರೂ ಮತ್ತ ಕೇಳೂ ಹಂಗಿಲ್ಲ. "ಹೇಳ ಅತ್ತಿ, ಯಾರ ಕಡದಾರ ಈ ಕಾಲುವಿ?" ಅತ್ತಿ ಬೊಗಸಿ ಒಡ್ಡಿದಳು. ನೀರ ಸುರೂವಿದ್ರು.

ನನ್ನ ಕೈ ಚೀಲದಾಗ ಹೋತು. ಬಟ್ಟಿಗೆ ಫೋಟೋದ ಅಂಚ ತಾಗಿತು. ದೊಡ್ಡಪ್ಪ ತಲಿ ಎತ್ತಿ ನನ್ನ ನೋಡಿದ. ಫೋಟೋ ಇದ್ದದ್ದು ಅಂವಗ ಗೊತ್ತಿರಲಿಲ್ಲ, ಸುಮ್ಮನ ನೋಡಿದ. ಹಿರೇರ ಮುಂದ ಕೊಟ್ಟ ಮಾತ ಮುರದಾನಂತ ಅಂವನ ಮಕ್ಕಳ ಮುಂದ ಅಂವನ ಮರ್ಯಾದಿ ತಗೀಲೇನ? ನನ್ನ ಓದಿಸಿದಾವನದು? ಹಂಗ ಅಂತ ಅವತ್ತ ನನಗ ನಾ ಹೇಳ್ಕೊಂಡೆ. ಖರೇ ಅಂದ್ರ ನನಗ ಅಂಜಿಕಿ. ಮನಿ ಒಡದಾವ ಅನಿಸ್ಕೊಂತೀನಿ ಅನ್ನೂ ಅಂಜಿಕಿ. ಕೈ ಹೊರಗ ತಗದೆ, ಖಾಲಿ ಕೈ.

"ನಾನ ಕಡದೀನಿ. ಯಾರಿಗೂ ಗೊತ್ತಿಲ್ಲ" ಅಂದಳು ಅತ್ತಿ. ಬೊಗಸಿ ಬಿಟ್ಟಳು, ನೀರ ಜಮಖಾನಿ ಮ್ಯಾಲೆ ಬಿತ್ತು. ದೊಡ್ಡವ್ವ ಕಳ್ಳಿ ಅಂದಳು. ಬೆಂಕಿ ಬಾಯಿಯ ಅತ್ತಿ ಅವತ್ತ ಒಂದೂ ಮಾತ ತಿರುಗಿ ಆಡದ ಹೋದಳು.

ಮರುದಿನ ಮೂರೂ ಮಕ್ಕಳು ಹೋಗಿ ಕಾಲುವಿ ಮುಚ್ಚಿದ್ರು. ಹದಿನೈದ ದಿನದಾಗ ಬಳ್ಳಿ ಹಳದಿ ಆತು. ಒರತ್ಯಾಗ ಮುಂಜಾನಿಗೆ ನಾಕ ಕೊಡ ನೀರ ಕೂಡ್ತಿತ್ತು, ಅಷ್ಟ. ಆಕಿ ಆ ನಾಕ ಕೊಡದಾಗ ಒಂದ ಸಾಲರ ಉಳಸ್ಕೊಬೇಕಂತ ಹೆಣಗಿದಳು. ನಾ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ನಮ್ಮ ಹೊಳಿ ಹೊಲದಿಂದ ನೀರ ಒಯ್ದು ಹಾಕಿದೆ, ನಾಕೈದ ಐತವಾರ. "ಸಾಕ ಬಿಡೋ ತಮ್ಮಾ. ನೀರ ಹೊರೂದು ಮಾಸ್ತರ ಕೆಲಸ ಅಲ್ಲ. ನೀ ಏನ ಬೇಕಂತ ಮಾಡಿದೇನ?" ಅಂದಳು. ಯುಗಾದಿ ಆಗಿ ತಿಂಗಳ ಆಗೂದ್ರಾಗ ಬಳ್ಳಿ ಎಲ್ಲಾ ನೆಲಾ ಹಿಡದವು. ಆಕಿ ನಿಪ್ಪಾಣಿಯ ಏಜಂಟನ ಹತ್ರ ಎಲಿ ತಂಬಾಕ ತಗೊಂಡು ಮನ್ಯಾಗ ಬೀಡಿ ಕಟ್ಟಾಕ ಹತ್ತಿದಳು. ಹಸರ ಎಲಿ ಮಾರಾಕಿ ಒಣಾ ಎಲಿ ಕತ್ತರಸ್ಕೊಂತ ಕುಂತಳು.

ಅವತ್ತಿಂದ ಆಕಿ ಎಲಿ ತಿನ್ನೂದ ಬಿಟ್ಟಳು. ತೋಟ ಹೋತಂತ ಸಿಟ್ಟಿಗೆ ಬಿಟ್ಟಾಳ ಅಂದ್ರು ಮಂದಿ. ನನಗ ಗೊತ್ತಿತ್ತು. ನಮ್ಮೊಳಗ ಪಾಪದ ಮಾತ ಆಡಿದಾವ್ರು ನಿಯಮ ತಗೋತಾರ, ಪ್ರೀತಿಯ ಒಂದ ವಸ್ತು ಜೀವ ಇರೂತನ ಬಿಡ್ತಾರ. ಸುಳ್ಳ ಆಣಿ ಮಾಡಿದ್ದಕ್ಕ ಆಕಿ ಎಲಿ ಬಿಟ್ಟಿದ್ದಳು. ಆದ್ರ ಚಂಚಿ ಬಿಡ್ಲಿಲ್ಲ. ಸಂತ್ಯಾಗ ಕೊಂಡ ಎಲಿ ಇಟ್ಟಿರ್ತಿದ್ದಳು, ನಾ ಹೋದಾಗ ತೊಡಿಗೆ ಒರಸಿ ಸುಣ್ಣ ಸವರಿ ಕೊಡ್ತಿದ್ದಳು. ನಾ ತಿಂತಿದ್ದೆ. ಆರ ವರ್ಷ ತಿಂದೆ, ಯಪ್ಪಾ, ಹೆಂಗ ತಿಂದೆನೋ.

ದೊಡ್ಡಪ್ಪ ಆಮ್ಯಾಲೆ ಒಂದ ಸಲ ಮಾತ್ರ ಆ ಸುದ್ದಿ ತಗದಿದ್ದ. "ಆ ನಿನ್ನ ಪಟ ಸುಟ್ಟ ಹಾಕು" ಅಂದ. ಸುಟ್ಟೆ. ಹಸರ ಸೀರಿ ವಾಸನಿ ಹೊಡೀತು, ಉಂಡಿ ಆಗಿ ಕರಗಿತು. ತೊಂಬತ್ತರ ದಶಕ ಅರ್ಧ ಆದಾಗ ದೊಡ್ಡಪ್ಪ ತೀರ್ಕೊಂಡ. ದಿನಕರ್ಮ ಎಲ್ಲಾ ಮುಗದ ಮ್ಯಾಲೆ ನಾ ಆ ಇನ್ನೊಂದ ಫೋಟೋ ತಗೊಂಡು ಅತ್ತಿ ಮನಿಗೆ ಹೋದೆ. ಆಕಿ ಹೆಸರಿಗೆ ಹತ್ತಿದ ಕಳ್ಳಿ ಅನ್ನೂ ಮಾತ ತೊಳ್ಯಾಕ ಹೊಂಟೀನಿ ಅಂತ ದಾರಿ ತುಂಬ ಹೇಳ್ಕೊಂಡೆ. ಸುಳ್ಳ ಅದು. ನನ್ನ ಭಾರ ಇಳಸಾಕ ಹೊಂಟಿದ್ದೆ.

ಅತ್ತಿ ಬೀಡಿ ಕಟ್ಟೂ ಮೊರಾ ಬಾಜೂಕ ಸರಿಸಿ ಫೋಟೋ ಇಸಕೊಂಡು ಬಾಗಲಾ ಬೆಳಕಿಗೆ ಹಿಡದಳು. ಭಾಳ ಹೊತ್ತ ನೋಡಿದಳು. ಛತ್ರಿ ಮ್ಯಾಲೆ ಹೆಬ್ಬಟ್ಟ ಆಡಿಸಿದಳು. "ನಮ್ಮಣ್ಣ. ನೋಡ ನಮ್ಮಣ್ಣ, ಹೆಂಗ ಬಗ್ಯಾನ" ಅಂದಳು. ಕಣ್ಣಾಗ ನೀರ ಬಂದಿತ್ತು. ನನಗೂ ಹಗೂರ ಆಗಾಕ ಹತ್ತಿತ್ತು. ಅಷ್ಟರಾಗ ಕೇಳಿದಳು, "ಇದ ಯಾವಾಗ ತಗದದ್ದೋ?"

"ಅವತ್ತ, ಅತ್ತಿ. ಆ ಫೋಟೋದ ಜೋಡೀನ."

"ಪಡಸಾಲ್ಯಾಗ ನನ್ನ ಬೊಗಸ್ಯಾಗ ನೀರ ಸುರೂವಿದಾಗ ಇದು ಎಲ್ಲಿತ್ತು?"

"ನನ್ನ ಚೀಲದಾಗ."

ಆಕಿ ಫೋಟೋ ತೊಡಿಮ್ಯಾಲೆ ಇಟ್ಕೊಂಡಳು. ಒರಟ ಮಾತಾಡ್ಲಿಲ್ಲ. ಬೈದಿದ್ರ ಬದಕ್ತಿದ್ದೆ. "ಹುಡುಗ ತಿಳೀದ ಮಾಡ್ಯಾನ ಅಂತ ತಿಳಕೊಂಡಿದ್ದೆ. ಆರ ವರ್ಷ ಹಂಗ ತಿಳಕೊಂಡಿದ್ದೆ. ನೀ ಅವತ್ತ ಇದನ್ನ ತಗದಿದ್ರ ನಾನ ನಿನ್ನ ಕೈ ಹಿಡೀತಿದ್ದೆ, ಇದೆಲ್ಲಾ ಸುಳ್ಳ ಅಂತಿದ್ದೆ. ನಮ್ಮಣ್ಣನ ಮಾನ ನಾ ಹೋಗಗೊಡ್ತಿರಲಿಲ್ಲ. ಆದ್ರ ನೀ ತಗೀಬೇಕಾಗಿತ್ತೋ."

ಆಮ್ಯಾಲೆ ಮೊರಾ ಮತ್ತ ತೊಡಿಮ್ಯಾಲೆ ಎಳಕೊಂಡು ಬೀಡಿ ಕಟ್ಟಾಕ ಹತ್ತಿದಳು. ಚಂಚಿ ಗೂಟಕ್ಕ ತೂಗಹಾಕಿತ್ತು. ನಾ ಒಂದ ತಾಸ ಕುಂತೆ. ಆಕಿ ಅದರ ಕಡೆ ಕೈ ಚಾಚಲಿಲ್ಲ.